ಇಂಗ್ಲೆಂಡಿನ ಹಳ್ಳಿ ಪದಗಳಿಗೆ ನಮ್ಮ ಮನೆಯ ಸಾಮಾನು ಹೊಂದಿಸುವ ಬಗೆ

ಇಂಗ್ಲೆಂಡಿನ ಹಳೆಯ ಆಡುಮಾತಿನಲ್ಲಿ ಬರುವ ಮನೆ, ಗದ್ದೆಯ ಸಾಮಾನುಗಳ ಹೆಸರನ್ನು ಕನ್ನಡಿಸುವವರು ನಿಘಂಟು ತೆರೆಯುವ ಮೊದಲು ಆ ವಸ್ತು ಯಾವುದರಿಂದ ಆಗಿದೆ, ಅದನ್ನು ಹೇಗೆ ಹಿಡಿಯುತ್ತಾರೆ ಎಂಬುದನ್ನು ಬರೆದುಕೊಳ್ಳಬೇಕು. ‘ಬೀಸಮ್’ ಎಂದರೆ ಕೋಲಿಗೆ ಸಣ್ಣ ರೆಂಬೆಗಳ ಕಟ್ಟನ್ನು ಬಿಗಿದ ಪೊರಕೆ. ಉಡುಪಿಯ ಅಂಗಳ ಗುಡಿಸುವ, ತೆಂಗಿನ ಗರಿಯ ಕಡ್ಡಿಗಳ ಹಿಡಿಸೂಡಿ ಕೆಲಸದಲ್ಲಿ ಅದಕ್ಕೆ ಹತ್ತಿರವಾದರೂ ಸಾಮಾನ್ಯವಾಗಿ ಉದ್ದನೆಯ ಕೋಲಿಲ್ಲದ್ದು ಎಂಬ ವ್ಯತ್ಯಾಸವನ್ನು ಟಿಪ್ಪಣಿಯಲ್ಲಿ ಹೇಳುವುದು ಒಳ್ಳೆಯದು. ಹೆಚ್ಚಿನವರು ಎಡವುವುದು ‘ರಿಡ್ಲ್’ ಎಂಬಲ್ಲಿ: ಒಗಟು ಎಂಬ ಅರ್ಥದ ಪದವೂ ದೊಡ್ಡ ಕಣ್ಣಿನ ಜರಡಿ ಎಂಬ ಅರ್ಥದ ಪದವೂ ಉಚ್ಚಾರದಲ್ಲಿ ಒಂದೇ, ಮೂಲ ಮಾತ್ರ ಬೇರೆ ಬೇರೆ. (ನಾನೂ ಒಮ್ಮೆ ಜರಡಿಯನ್ನು ಒಗಟು ಮಾಡಿದವನೇ.) ‘ಪಿಗಿನ್’ಗೆ ಒಂದೇ ಪದ ಹುಡುಕಬೇಡಿ, ಮರದ ಪಟ್ಟಿಗಳ ಪುಟ್ಟ ಬಕೆಟಿನಲ್ಲಿ ಒಂದು ಪಟ್ಟಿ ಮಾತ್ರ ಮೇಲಕ್ಕೆ ಚಾಚಿ ಹಿಡಿಯಾಗುತ್ತದೆ ಎಂದು ವಿವರಿಸಿ.