ಎರಡು ನಿಮಿಷದಲ್ಲಿ ಒಂದು ಬೋಗುಣಿಯ ಕಥೆ

ಮನೆಯಲ್ಲಿ ಯಾರಿಗಾದರೂ ಅರವತ್ತು ತುಂಬಿತೆಂದರೆ ಈಗ ಒಂದು ವಿಡಿಯೊ ತಯಾರಾಗುತ್ತದೆ. ನೂರೈವತ್ತು ಫೋಟೊ, ಹೃದಯದ ಆಕಾರದಲ್ಲಿ ತೆರೆದುಕೊಳ್ಳುವ ಪುಟಗಳು, ಹಿಂದೆ ಸಿನಿಮಾ ಹಾಡು. ಮೂರನೆಯ ನಿಮಿಷಕ್ಕೆ ಸೋದರಮಾವನ ಕಣ್ಣು ಊಟದ ಪಂಕ್ತಿಯ ಕಡೆ ಹೊರಳಿರುತ್ತದೆ. ಈ ಲೇಖನ ಅಂಥ ವಿಡಿಯೊ ಮಾಡುವವರಿಗಲ್ಲ.

ಇಲ್ಲಿ ಹೇಳಹೊರಟಿರುವುದು ಡಿಜಿಟಲ್ ಕಥೆ. ನಿಮಗೇ ಆದ ಒಂದು ಅನುಭವವನ್ನು ನಿಮ್ಮದೇ ದನಿಯಲ್ಲಿ ಹೇಳಿ, ಮನೆಯಲ್ಲಿರುವ ಕೆಲವೇ ಚಿತ್ರಗಳನ್ನು ಅದಕ್ಕೆ ಹೊಂದಿಸುವುದು. 1990ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡೇನಾ ಆ್ಯಚ್ಲಿ, ಜೋ ಲ್ಯಾಂಬರ್ಟ್ ಮತ್ತು ಸಂಗಡಿಗರು ಜನಸಾಮಾನ್ಯರನ್ನು ಕೂರಿಸಿಕೊಂಡು ಇಂಥ ಕಮ್ಮಟಗಳನ್ನು ಶುರುಮಾಡಿದರು. 2001ರಲ್ಲಿ ಬಿಬಿಸಿಯ ವೇಲ್ಸ್ ವಿಭಾಗ ಇದನ್ನು ಊರೂರಿಗೆ ಕೊಂಡೊಯ್ದಿತು. ಅಲ್ಲಿ ಕಲಿಸುತ್ತಿದ್ದ ಛಾಯಾಗ್ರಾಹಕ ಡೇನಿಯಲ್ ಮೆಡೋಸ್ ಹಾಕಿಕೊಟ್ಟ ಅಳತೆ ಬಿಗಿಯಾದದ್ದು: ಸುಮಾರು 250 ಪದ, ಡಜನ್ ಆಸುಪಾಸು ಚಿತ್ರ, ಎರಡು ನಿಮಿಷ. ತ್ರಿಪದಿಗೆ ಮೂರೇ ಸಾಲು ಎಂದ ಹಾಗೆ. ಆ 250 ಇಂಗ್ಲಿಷಿನ ಲೆಕ್ಕ. ಕನ್ನಡದಲ್ಲಿ ವಿಭಕ್ತಿಯೆಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ನಮಗೆ 170–180 ಪದ ಧಾರಾಳವಾಯಿತು. ನಾನು ನಿಧಾನವಾಗಿ ಓದಿದರೆ ಅಷ್ಟಕ್ಕೇ ಎರಡು ನಿಮಿಷ ಮುಗಿಯುತ್ತದೆ.

ಮೊದಲು ಒಂದು ವಸ್ತು

‘ನನ್ನ ಬಾಲ್ಯ’, ‘ನಮ್ಮ ತಂದೆಯವರು’ ಎಂದು ಹೊರಟರೆ ಎರಡು ನಿಮಿಷದಲ್ಲಿ ಊರ ಬಾಗಿಲೂ ದಾಟಲಾಗದು. ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತು ಆರಿಸಿಕೊಳ್ಳಿ. ನಾನು ಆರಿಸಿದ್ದು ಅಡುಗೆಮನೆಯ ಅಟ್ಟದಲ್ಲಿದ್ದ ಒಂದು ಸ್ಟೀಲ್ ಬೋಗುಣಿ. ಅದು ನಮ್ಮದಲ್ಲ, ಸೋದರತ್ತೆಯದು. ಯಾವುದೋ ಹಬ್ಬಕ್ಕೆ ಹುಗ್ಗಿ ತುಂಬಿಕೊಂಡು ನಮ್ಮ ಮನೆಗೆ ಬಂತು. ಪಾತ್ರೆಯನ್ನು ಖಾಲಿ ಕಳಿಸಬಾರದಲ್ಲ, ಏನಾದರೂ ಮಾಡಿದಾಗ ತುಂಬಿ ಕೊಟ್ಟರಾಯಿತು ಎಂದು ಅಮ್ಮ ಎತ್ತಿಟ್ಟರು. ಅಷ್ಟರಲ್ಲಿ ಅತ್ತೆಯೇ ಹೋಗಿಬಿಟ್ಟರು.

ಇನ್ನು ಬರವಣಿಗೆ. ನನ್ನ ಮೊದಲ ಕರಡು ಹೀಗೆ ಶುರುವಾಗಿತ್ತು: ‘ನಮ್ಮ ಅತ್ತೆ ಪ್ರೀತಿಯ ಸಾಕಾರಮೂರ್ತಿ. ಬಂದವರಿಗೆಲ್ಲ ಕೈತುಂಬ ಬಡಿಸುತ್ತಿದ್ದರು.’ ಯಾರ ಅತ್ತೆಗೆ ಬೇಕಾದರೂ ಒಪ್ಪುವ ಮಾತು, ವೈಕುಂಠ ಸಮಾರಾಧನೆಯ ಕಾರ್ಡಿನಲ್ಲಿ ಅಚ್ಚು ಹಾಕಿಸಬಹುದು. ಬೋಗುಣಿಯನ್ನೇ ತಿರುಗಿಸಿ ನೋಡಿದೆ. ಅಂಚಿನಲ್ಲಿ ಅತ್ತೆಯ ಹೆಸರು ಕೆತ್ತಿಸಿದ್ದಾರೆ. ಹೆಸರಿನಲ್ಲಿ ‘ಕ್ಷ್ಮಿ’ ಬರುತ್ತದೆ, ಪಾತ್ರೆ ಅಂಗಡಿಯವನು ಮ-ವತ್ತು ಬಿಟ್ಟು ‘ಕ್ಷಿ’ ಎಂದು ಕೊರೆದಿದ್ದಾನೆ. ‘ಒಂದು ಒತ್ತು ಅಂಗಡಿಯವನ ಹತ್ತಿರ ಬಾಕಿ ಇದೆ’ ಎಂದು ಅತ್ತೆ ನಗುತ್ತಿದ್ದದ್ದು ನೆನಪಾಯಿತು. ಹೊಸ ಕರಡು ಶುರುವಾಯಿತು: ‘ಈ ಬೋಗುಣಿಯ ಮೇಲಿರುವುದು ನಮ್ಮ ಅತ್ತೆಯ ಹೆಸರಲ್ಲ. ಅವರ ಹೆಸರಿಗೆ ಇನ್ನೊಂದು ಒತ್ತಕ್ಷರ ಬೇಕು.’ ಪ್ರೀತಿ ಎಂಬ ಮಾತು ಆಮೇಲೆ ಎಲ್ಲಿಯೂ ಬೇಕಾಗಲಿಲ್ಲ.

ಬರೆದದ್ದನ್ನು ಮನೆಯವರೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ. ನಾಲಿಗೆ ಎಡವಿದ ವಾಕ್ಯವನ್ನು ಮುರಿಯಿರಿ. ಚಿತ್ರದಲ್ಲಿ ಕಾಣುವುದನ್ನು ಮಾತಿನಲ್ಲಿ ಮತ್ತೆ ಹೇಳಿದ್ದರೆ ಹೊಡೆದುಹಾಕಿ. ಬೋಗುಣಿ ಹೊಳೆಯುತ್ತಿದೆ ಎಂದು ನಾನೇಕೆ ಹೇಳಬೇಕು, ನೋಡುವವರಿಗೆ ಕಣ್ಣಿಲ್ಲವೇ?

ದನಿಗೆ ಬೀರು, ಕರೆಂಟು ಹೋದ ಹೊತ್ತು

ಚಿತ್ರ ಸ್ವಲ್ಪ ಮಸುಕಾಗಿದ್ದರೆ ನೋಡುವವರು ಸಹಿಸುತ್ತಾರೆ. ದನಿ ಗೊಗ್ಗರಾಗಿದ್ದರೆ ಎದ್ದುಹೋಗುತ್ತಾರೆ. ಹಾಗಾಗಿ ಶ್ರಮವನ್ನೆಲ್ಲ ಇಲ್ಲಿ ಸುರಿಯಿರಿ. ಒಳ್ಳೆಯ ಮೈಕ್ ಇಲ್ಲದಿದ್ದರೂ ಚಿಂತೆಯಿಲ್ಲ, ಮೊಬೈಲಿನ ರೆಕಾರ್ಡರ್ ಸಾಕು. ಬರಿಗೋಡೆಯ ಕೋಣೆಯಲ್ಲಿ ದನಿ ಮಾರ್ದನಿಸುತ್ತದೆ. ಸೀರೆ, ರಜಾಯಿ ತುಂಬಿದ ಬೀರುವಿನ ಬಾಗಿಲು ತೆರೆದು ಅದರೊಳಕ್ಕೆ ಮುಖಮಾಡಿ ಮಾತನಾಡಿ, ಬಟ್ಟೆಗಳು ಪ್ರತಿಧ್ವನಿಯನ್ನು ನುಂಗಿಕೊಳ್ಳುತ್ತವೆ. ಮೊಬೈಲು ಬಾಯಿಂದ ಒಂದು ಗೇಣು ದೂರದಲ್ಲಿ, ಕೊಂಚ ಪಕ್ಕಕ್ಕಿರಲಿ. ನೇರ ಎದುರಿಗಿಟ್ಟರೆ ‘ಪ’, ‘ಫ’, ‘ಭ’ ಬಂದಾಗೆಲ್ಲ ಉಸಿರು ಮೈಕಿಗೆ ಬಡಿದು ಡಬ್ಬೆನ್ನುತ್ತದೆ. ಫ್ಯಾನ್ ಆರಿಸಿ, ಮೊಬೈಲನ್ನು ಫ್ಲೈಟ್ ಮೋಡ್‌ಗೆ ಹಾಕಿ, ಅಕ್ಕಪಕ್ಕದ ಮನೆಗಳ ಕುಕ್ಕರ್ ಕೂಗಿ ಮುಗಿಯಲಿ. ನನ್ನ ಅನುಭವದಲ್ಲಿ ಕರೆಂಟು ಹೋದ ಹೊತ್ತಿನಷ್ಟು ಪ್ರಶಸ್ತ ಮುಹೂರ್ತ ಬೇರೊಂದಿಲ್ಲ. ಫ್ರಿಜ್ ಸಹ ಬಾಯಿಮುಚ್ಚಿಕೊಂಡಿರುತ್ತದೆ.

ಪೂರ್ತಿ ಕಥೆಯನ್ನು ಮೂರು ಬಾರಿ ಓದಿ ರೆಕಾರ್ಡ್ ಮಾಡಿ. ತಪ್ಪಿದರೆ ನಿಲ್ಲಿಸಬೇಡಿ, ಎರಡು ಸೆಕೆಂಡು ಬಿಟ್ಟು ಅದೇ ವಾಕ್ಯವನ್ನು ಮತ್ತೆ ಹೇಳಿ ಮುಂದುವರಿಯಿರಿ. ಕೊನೆಯಲ್ಲಿ ಹತ್ತು ಸೆಕೆಂಡು ಏನೂ ಮಾತನಾಡದೆ ಕೋಣೆಯ ಮೌನವನ್ನೂ ಹಿಡಿದುಕೊಳ್ಳಿ. ವಾಕ್ಯಗಳ ನಡುವೆ ಬಿಡುವು ಹೆಚ್ಚಿಸಬೇಕಾದಾಗ ಈ ಮೌನದ ತುಂಡನ್ನೇ ಸೇರಿಸಬೇಕು. ಬರೀ ಖಾಲಿ ಬಿಟ್ಟರೆ ದನಿ ಬಾವಿಗೆ ಬಿದ್ದಂತಾಗುತ್ತದೆ. ಕತ್ತರಿಸುವುದಕ್ಕೆ ಉಚಿತವಾಗಿ ಸಿಗುವ ಒಡಾಸಿಟಿ ತಂತ್ರಾಂಶ ಸಾಕು.

ಚಿತ್ರಗಳು

ಹಳೆಯ ಫೋಟೊಗಳನ್ನು ಆಲ್ಬಮ್ಮಿನ ಪ್ಲಾಸ್ಟಿಕ್ ಹಾಳೆಯ ಮೇಲಿಂದಲೇ ಮೊಬೈಲಿನಲ್ಲಿ ಹೊಡೆದುಕೊಳ್ಳಬೇಡಿ, ಟ್ಯೂಬ್‌ಲೈಟಿನ ಗೆರೆ ಅಜ್ಜನ ಹಣೆಯ ಮೇಲೆ ಬೀಳುತ್ತದೆ. ಸ್ಕ್ಯಾನರ್ ಇದ್ದರೆ 600 ಡಿಪಿಐಗೆ, ಅಂದರೆ ಇಂಚಿಗೆ 600 ಚುಕ್ಕಿಗೆ, ಇಡಿ. ನಾಲ್ಕು ಇಂಚು–ಆರು ಇಂಚಿನ ಫೋಟೊ ಆಗ 3600×2400 ಚುಕ್ಕಿಗಳಷ್ಟು ಸಿಗುತ್ತದೆ. ವಿಡಿಯೊ ಚೌಕಟ್ಟು 1920×1080 ಮಾತ್ರ. ಗುಂಪಿನ ಫೋಟೊದಲ್ಲಿ ಮೂಲೆಯಲ್ಲಿ ನಿಂತ ಒಬ್ಬರ ಮುಖದ ಹತ್ತಿರಕ್ಕೆ ಹೋಗಬೇಕೆಂದರೆ ಈ ಹೆಚ್ಚುವರಿ ಚುಕ್ಕಿಗಳೇ ಬಂಡವಾಳ.

ಸ್ಟೀಲ್ ಪಾತ್ರೆಯ ಫೋಟೊ ತೆಗೆಯುವುದು ಸುಲಭವಲ್ಲ. ಮೊದಲ ಐದಾರು ಚಿತ್ರಗಳಲ್ಲಿ ಬೋಗುಣಿಗಿಂತ ಅದರೊಳಗೆ ಡೊಂಕಾಗಿ ಕಾಣುವ ನಾನೇ ಹೆಚ್ಚಾಗಿದ್ದೆ. ಕಿಟಕಿಗೆ ಬಿಳಿ ಪಂಚೆ ಕಟ್ಟಿ, ಬೋಗುಣಿಯನ್ನು ಬೆಳಕಿಗೆ ಓರೆಯಾಗಿಟ್ಟೆ. ಹೆಸರಿನ ಚುಕ್ಕಿಗಳಿಗೆ ಚಿಟಿಕೆ ಅಕ್ಕಿಹಿಟ್ಟು ಸವರಿ ಮೇಲುಮೇಲೆ ಒರೆಸಿದೆ. ಹಿಟ್ಟು ಗುಳಿಗಳಲ್ಲಿ ಉಳಿದು ‘ಕ್ಷಿ’ ಎದ್ದು ಕಂಡಿತು. ಇಡೀ ಕಥೆ ನಿಂತಿರುವುದು ಆ ಒಂದು ಚಿತ್ರದ ಮೇಲೆ.

ದನಿ, ಚಿತ್ರ ಎಲ್ಲವನ್ನೂ ಒಂದೇ ಫೋಲ್ಡರಿಗೆ ಹಾಕಿ 01, 02 ಎಂದು ಹೆಸರಿಡಿ. ಎಡಿಟಿಂಗ್ ತಂತ್ರಾಂಶದ ಪ್ರಾಜೆಕ್ಟ್ ಕಡತದಲ್ಲಿ ಸಾಮಾನ್ಯವಾಗಿ ಚಿತ್ರಗಳು ಇರುವುದಿಲ್ಲ, ಅವು ಎಲ್ಲಿವೆ ಎಂಬ ವಿಳಾಸವಷ್ಟೇ ಇರುತ್ತದೆ. ನಡುವೆ ಫೋಲ್ಡರ್ ಜಾಗ ಬದಲಿಸಿದರೆ ಮಾರನೆಯ ದಿನ ಖಾಲಿ ಚೌಕಗಳ ದರ್ಶನವಾಗುತ್ತದೆ. ನನಗೆ ಆಗಿದೆ.

ಜೋಡಣೆ

2000ದಲ್ಲಿ ವಿಂಡೋಸ್ ಜತೆಗೇ ಬಂದು ಮನೆಮನೆಯಲ್ಲಿ ಎಡಿಟಿಂಗ್ ಕಲಿಸಿದ ಮೂವಿ ಮೇಕರ್ ಈಗ ಇಲ್ಲ, 2017ರಲ್ಲಿ ಮೈಕ್ರೋಸಾಫ್ಟ್ ಅದನ್ನು ನಿಲ್ಲಿಸಿತು. ವಿಂಡೋಸ್ 11ರಲ್ಲಿ ಕ್ಲಿಪ್‌ಚಾಂಪ್ ಇರುತ್ತದೆ, ಆ್ಯಪಲ್ ಬಳಸುವವರಿಗೆ ಐಮೂವಿ. ಹಳೆಯ ಕಂಪ್ಯೂಟರ್ ಇರುವವರಿಗೆ ನಾನು ಹೇಳುವುದು ಶಾಟ್‌ಕಟ್. ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ.

ಹೆಚ್ಚಿನವರು ಮೊದಲು ಚಿತ್ರಗಳನ್ನು ಸಾಲಾಗಿ ಜೋಡಿಸಿ ಆಮೇಲೆ ದನಿಯನ್ನು ಅದಕ್ಕೆ ಎಳೆದು ಕೂರಿಸಲು ಹೆಣಗುತ್ತಾರೆ. ಉಲ್ಟಾ ಮಾಡಿ. ತಂತ್ರಾಂಶದಲ್ಲಿ ಎಡದಿಂದ ಬಲಕ್ಕೆ ಕಾಲ ಸಾಗುವಂತೆ ಹಾಸಿರುವ ಪಟ್ಟಿಯೇ ಟೈಮ್‌ಲೈನ್. ಮೊದಲು ದನಿಯನ್ನು ಟೈಮ್‌ಲೈನಿನ ಆಡಿಯೊ ಸಾಲಿನಲ್ಲಿ ಹಾಸಿ. ಕಣ್ಣುಮುಚ್ಚಿ ಕೇಳಿ, ಬಿಡುವು ಸರಿಮಾಡಿ. ಅದಾದ ಮೇಲೆ ಮೇಲಿನ ವಿಡಿಯೊ ಸಾಲಿಗೆ ಚಿತ್ರಗಳನ್ನು ಒಂದೊಂದಾಗಿ ತನ್ನಿ, ಅಂಚು ಹಿಡಿದು ಎಳೆದರೆ ಅವಧಿ ಹಿಗ್ಗುತ್ತದೆ, ಕುಗ್ಗುತ್ತದೆ. ಬೇಕಾದ ಕಡೆ ತುಂಡುಮಾಡಲು ಶಾಟ್‌ಕಟ್‌ನಲ್ಲಿ ‘ಎಸ್’ ಕೀಲಿ ಒತ್ತಬೇಕು. ಚಿತ್ರದ ಮೇಲೆ ನಿಧಾನವಾಗಿ ಸರಿಯುವ, ಹತ್ತಿರವಾಗುವ ಚಲನೆಗೆ ‘ಸೈಜ್, ಪೊಸಿಷನ್ ಅಂಡ್ ರೊಟೇಟ್’ ಎಂಬ ಫಿಲ್ಟರ್ ಹಾಕಿ, ಆರಂಭದ ಮತ್ತು ಕೊನೆಯ ಅಳತೆಗೆ ಒಂದೊಂದು ಕೀಫ್ರೇಮ್, ಅಂದರೆ ಆ ಕ್ಷಣದ ಅಳತೆಯ ಗುರುತು, ಇಡಿ.

ಚಲನೆಗೆ ಕಾರಣ ಇರಲಿ. ನನ್ನ ಕಥೆಯಲ್ಲಿ ಅದು ಒಂದೇ ಕಡೆ ಬಂದಿದೆ. ಇಡೀ ಬೋಗುಣಿಯಿಂದ ‘ಕ್ಷಿ’ವರೆಗೆ ಒಂಬತ್ತು ಸೆಕೆಂಡು. ಮಿಕ್ಕ ಚಿತ್ರಗಳು ಸುಮ್ಮನೆ ನಿಲ್ಲುತ್ತವೆ. ಹಾರುವ, ಮಡಚುವ, ಗಿರಗಿರ ತಿರುಗುವ ಟ್ರಾನ್ಸಿಷನ್‌ಗಳ ಪಟ್ಟಿಯನ್ನು ತೆರೆಯಲೇ ಬೇಡಿ.

ಮತ್ತೆ ಒತ್ತಕ್ಷರ

ಶೀರ್ಷಿಕೆಯಲ್ಲಿ ಅತ್ತೆಯ ಹೆಸರನ್ನು ಸರಿಯಾಗಿ ಬರೆದು ಹಳೆಯ ಬಾಕಿ ತೀರಿಸೋಣ ಎಂದು ಹೊರಟೆ. ಆಗ ಬಳಸುತ್ತಿದ್ದ ತಂತ್ರಾಂಶ ಮ-ವತ್ತನ್ನು ಕಿತ್ತು ಪಕ್ಕಕ್ಕೆ ಬಿಸಾಕಿತು. ಪಾತ್ರೆ ಅಂಗಡಿಯವನೇ ವಾಸಿ, ಬಿಟ್ಟಿದ್ದನೇ ಹೊರತು ಒಡೆದಿರಲಿಲ್ಲ. ಕನ್ನಡದ ಒತ್ತಕ್ಷರ ಕೂಡಿಸಲು ಬಾರದ ಎಡಿಟಿಂಗ್ ತಂತ್ರಾಂಶಗಳು ಈಗಲೂ ಇವೆ. ಹಳೆಯ ಆಸ್ಕಿ ಸಂಕೇತದಲ್ಲಿ (ನುಡಿ, ಬರಹದ ಹಳೆಯ ಫಾಂಟುಗಳಲ್ಲಿ) ಟೈಪಿಸಿದ್ದನ್ನು ಅಂಟಿಸಿದರೂ ಗೋಜಲೇ ಬರುತ್ತದೆ, ಯುನಿಕೋಡ್‌ನಲ್ಲೇ ಟೈಪಿಸಿ. ಅದಕ್ಕೂ ಬಗ್ಗದಿದ್ದರೆ ಲಿಬ್ರೆ ಆಫೀಸ್ ಅಥವಾ ಪವರ್‌ಪಾಯಿಂಟ್‌ನಲ್ಲಿ ಒಂದು ಸ್ಲೈಡ್ ಮಾಡಿ, ‘ನೋಟೊ ಸಾನ್ಸ್ ಕನ್ನಡ’ದಂಥ ಫಾಂಟಿನಲ್ಲಿ ಹೆಸರು ಬರೆದು, ಪಿಎನ್‌ಜಿ ಚಿತ್ರವಾಗಿ ಉಳಿಸಿ ತಂದುಕೊಳ್ಳಿ. ಚಿತ್ರದೊಳಗಿನ ಅಕ್ಷರವನ್ನು ಯಾವ ತಂತ್ರಾಂಶವೂ ಒಡೆಯಲಾರದು.

ಸಂಗೀತದ ವಿಷಯಕ್ಕೆ ಬಂದರೆ, ಸಿನಿಮಾ ಹಾಡು ಬೇಡ. ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾಗಿ 60 ವರ್ಷದ ತನಕ ಇರುತ್ತದೆ, ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕು ಅವನ್ನು ರಚಿಸಿದವರು ತೀರಿಕೊಂಡ ಮೇಲೂ 60 ವರ್ಷ. ಹಾಡು ಎಷ್ಟೇ ಹಳೆಯದೆಂದರೂ ಲೆಕ್ಕ ಸುಲಭವಲ್ಲ, ಯೂಟ್ಯೂಬ್ ಅಂತೂ ಹಾಡಿನ ಗುರುತನ್ನು ತಾನೇ ಹಿಡಿಯುತ್ತದೆ. ನಾನು ಪಾತ್ರೆ ಅಂಗಡಿಗೆ ಹೋಗಿ ಒಂದು ಲೋಟ ಕೊಂಡು, ಹೆಸರು ಕೊರೆಯುವ ಯಂತ್ರದ ಗರ್ರೆಂಬ ಸದ್ದನ್ನು ಮೊಬೈಲಿಗೆ ಹಿಡಿದುಕೊಂಡು ಬಂದೆ. ಕಥೆಯ ಆರಂಭದಲ್ಲಿ ಆರು ಸೆಕೆಂಡು ಅದೊಂದೇ ಕೇಳುತ್ತದೆ, ಆಮೇಲೆ ದನಿ.

ಮುಗಿದ ಮೇಲೆ ಎಕ್ಸ್‌ಪೋರ್ಟ್‌ಗೆ ಹೋಗಿ ಎಚ್.264 (ವಿಡಿಯೊವನ್ನು ಅಡಕಗೊಳಿಸುವ ವಿಧಾನ), ಎಂಪಿ4 (ಕಡತದ ಬಗೆ) ಆಗಿ ಹೊರತೆಗೆಯಿರಿ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಎಂದು ಕಳಿಸಿದರೆ ಅದು ಹಿಂಡಿ ಕುಗ್ಗಿಸುತ್ತದೆ, ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿದರೆ ಇದ್ದ ಹಾಗೇ ತಲಪುತ್ತದೆ. ಮನೆಯವರ ಗುಂಪಿಗೆ ಹಾಕುವ ಮೊದಲು ಕಥೆಯಲ್ಲಿ ಬರುವವರಿಗೆ, ಅವರಿಲ್ಲದಿದ್ದರೆ ಅವರ ಮಕ್ಕಳಿಗೆ ತೋರಿಸಿ ಒಪ್ಪಿಗೆ ಕೇಳಿ. ನಾನು ಅತ್ತೆಯ ಮಗಳಿಗೆ ಕಳಿಸಿದೆ. ಒಂದು ದಿನ ಉತ್ತರವೇ ಇಲ್ಲ. ಮಾರನೆಯ ಬೆಳಿಗ್ಗೆ ಎರಡು ಸಾಲು ಬಂತು: ‘ಗುಂಪಿಗೆ ಹಾಕು, ಅಡ್ಡಿಯಿಲ್ಲ. ಬೋಗುಣಿಯನ್ನು ಮಾತ್ರ ಖಾಲಿ ಕಳಿಸಬೇಡ.’