ಫೋರ್ಕ್ ಮನೆಯಲ್ಲೇ ಬಿಡಿ: 1471ರ ಊಟಕ್ಕೆ ಒಂದು ಚಮಚ, ಒಂದು ಚಾಕು, ಒಂದು ಬಟ್ಟಲು

ಇಂಗ್ಲೆಂಡಿನ ಟ್ಯೂಕ್ಸ್‌ಬರಿಯಲ್ಲಿ 1471ರ ಮೇ 4ರಂದು ದೊಡ್ಡ ಕಾಳಗ ನಡೆಯಿತು. ಈಗ ಅಲ್ಲಿ ಜುಲೈ ತಿಂಗಳಲ್ಲಿ ಅದನ್ನು ಮತ್ತೆ ಆಡಿ ತೋರಿಸುತ್ತಾರೆ. ಗುಡಾರ ಹಾಕಿ, ಉಣ್ಣೆ ಬಟ್ಟೆ ತೊಟ್ಟು, ಬಯಲಲ್ಲೇ ಒಲೆ ಹೂಡಿ ಉಣ್ಣುತ್ತಾರೆ. ಇಂಥ ಗುಂಪಿಗೆ ಹೊಸದಾಗಿ ಸೇರಿದವರು ಕತ್ತಿ, ಕವಚಕ್ಕೆ ದುಡ್ಡು ಸುರಿಯುತ್ತಾರೆ. ಊಟಕ್ಕೆ ಕೂತಾಗ ಮಾತ್ರ ಚೀಲದಿಂದ ಸ್ಟೀಲ್ ಚಮಚ ಹೊರಗೆ ಬರುತ್ತದೆ. ನೋಡಲು ಬಂದ ಮಕ್ಕಳ ಕಣ್ಣು ಮೊದಲು ಬೀಳುವುದೇ ಅದರ ಮೇಲೆ. ಆ ಕಾಲದ ಸಾಮಾನ್ಯ ಬಿಲ್ಲುಗಾರನ ಊಟದ ಸಾಮಾನು ಹೊಂದಿಸುವುದು ಕಷ್ಟವೇನಲ್ಲ.

ಮೊದಲು ಫೋರ್ಕ್ ತೆಗೆದಿಡಿ. ಆಗ ಅಡುಗೆಮನೆಯಲ್ಲಿ ಮಾಂಸ ಎತ್ತಲು ದೊಡ್ಡ ಫೋರ್ಕ್ ಇತ್ತು. ಸಿರಿವಂತರಲ್ಲಿ ಕೆಲವರ ಹತ್ತಿರ ಸಿಹಿ ತಿನ್ನಲು ಪುಟ್ಟದೊಂದು ಇರುತ್ತಿತ್ತು. ಸಾಮಾನ್ಯರ ಊಟದಲ್ಲಿ ಅದಕ್ಕೆ ಜಾಗವಿರಲಿಲ್ಲ. 1608ರಲ್ಲಿ ಇಟಲಿ ಸುತ್ತಿದ ಥಾಮಸ್ ಕೊರಿಯಾಟ್ ಎಂಬ ಇಂಗ್ಲಿಷಿನವನಿಗೂ ಅಲ್ಲಿನ ಫೋರ್ಕ್ ಹೊಸದಾಗಿಯೇ ಕಂಡಿತ್ತು. ಇದೇ ಕೊರಿಯಾಟ್ ಮುಂದೆ ಬಹುಪಾಲು ನಡೆದುಕೊಂಡೇ ಭಾರತಕ್ಕೆ ಬಂದು, 1617ರಲ್ಲಿ ಸೂರತ್‌ನಲ್ಲಿ ತೀರಿಕೊಂಡ.

ಇನ್ನು ಚಮಚ. ಇದನ್ನು ಕೊಳ್ಳಬೇಡಿ, ನೀವೇ ಕೆತ್ತಿ. ಬರ್ಚ್ ಮರದ ಹಸಿ ತುಂಡು ಬೇಕು. ತೋಳಿನಷ್ಟು ದಪ್ಪ, ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಉದ್ದ. ಒಣ ಮರ ಕಲ್ಲಿನ ಹಾಗೆ, ಹಸಿ ಮರ ಸಲೀಸು. ಕೊಡಲಿ ಇಟ್ಟು ಉದ್ದಕ್ಕೆ ಸೀಳಿ. ನಡುವಿನ ತಿರುಳನ್ನು ಪೂರ್ತಿ ತೆಗೆಯಿರಿ. ನನ್ನ ಮೊದಲ ಚಮಚದಲ್ಲಿ ಈ ತಿರುಳನ್ನು ಹಾಗೇ ಬಿಟ್ಟಿದ್ದೆ. ನೋಡಲು ಚೆನ್ನಾಗಿತ್ತು. ಮೂರನೇ ದಿನ ಬೆಳಿಗ್ಗೆ ನೋಡಿದರೆ ಗುಳಿಯ ನಟ್ಟನಡುವೆ ಕೂದಲೆಳೆಯಂಥ ಬಿರುಕು. ಸಂಜೆ ಹೊತ್ತಿಗೆ ಬೆಳಕು ಆಚೆ ಕಾಣುತ್ತಿತ್ತು. ಮರ ಒಣಗುವಾಗ ತಿರುಳಿನ ಸುತ್ತ ಹೆಚ್ಚು ಎಳೆದುಕೊಳ್ಳುತ್ತದೆ, ಅದಕ್ಕೇ ಸೀಳುತ್ತದೆ.

ಸೀಳಿದ ಹಲಗೆಯ ಮೇಲೆ ಪೆನ್ಸಿಲ್‌ನಿಂದ ಆಕಾರ ಬರೆಯಿರಿ. ಹದಿನಾರು ಸೆಂಟಿಮೀಟರ್ ಉದ್ದ ಸಾಕು. ಇಲ್ಲಿ ಗಮನವಿಡಿ: ನಮ್ಮ ಈಗಿನ ಚಮಚದ ಬಾಯಿ ತುದಿಯಲ್ಲಿ ಚೂಪು. ಆಗಿನದು ಉಲ್ಟಾ. ಅಂಜೂರವನ್ನು ಉದ್ದಕ್ಕೆ ಸೀಳಿದ ಹಾಗೆ, ಹಿಡಿಯ ಕಡೆ ಸಣ್ಣ, ತುದಿಯಲ್ಲಿ ಅಗಲ. ಇದೊಂದು ಸರಿಯಾದರೆ ಅರ್ಧ ಕೆಲಸ ಮುಗಿದಂತೆ.

ಹೊರಗಿನ ಮರವನ್ನು ಕೊಡಲಿಯಿಂದ, ಆಮೇಲೆ ನೇರ ಚಾಕುವಿನಿಂದ ಸವರಿ. ಚಾಕು ಸದಾ ಮೈಯಿಂದ ಆಚೆಗೆ ಹೋಗಲಿ. ಗುಳಿ ತೋಡಲು ಬಾಗಿದ ಅಲಗಿನ ಚಾಕು ಬೇಕು. ಎಳೆಗೆ ಅಡ್ಡಲಾಗಿ, ತೆಳ್ಳಗೆ ಕೆರೆಯುತ್ತಾ ಹೋಗಿ. ಆಗಾಗ ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ದಪ್ಪ ನೋಡಿ. ಮೂರ್ನಾಲ್ಕು ಮಿಲಿಮೀಟರ್ ಉಳಿದಾಗ ನಿಲ್ಲಿಸಿ. ಹೆರೆದ ಸಿಪ್ಪೆಯ ಜೊತೆಗೇ ಕಾಗದದ ಚೀಲದಲ್ಲಿಟ್ಟು ಒಂದು ವಾರ ನಿಧಾನವಾಗಿ ಒಣಗಿಸಿ. ಕೊನೆಗೆ ಹರಿತವಾದ ಚಾಕುವಿನಿಂದ ಇನ್ನೊಮ್ಮೆ ಸವರಿ. ಸ್ಯಾಂಡ್‌ಪೇಪರ್ ಬೇಡ. ಚಾಕುವಿನ ಗುರುತು ಕಾಣಲಿ, ಅದೇ ಚೆಂದ.

ಕೊನೆಗೆ ಅಗಸೆ ಎಣ್ಣೆ ಹಚ್ಚಿ. ಅಡುಗೆಗೆ ಬಳಸುವ ಎಣ್ಣೆಯೇ ಇರಲಿ, ಬಣ್ಣದ ಅಂಗಡಿಯದು ಬೇಡ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಈ ಎಣ್ಣೆಯ ಬಟ್ಟೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವುದುಂಟು. ಹೊರಗೆ ಹರಡಿ ಒಣಗಿಸಿ.

ಚಾಕು ಕೊಂಡುಕೊಳ್ಳಿ. ಒಂದೇ ಕಡೆ ಅಲಗು, ಒಂಬತ್ತು ಸೆಂಟಿಮೀಟರ್ ಸಾಕು. ಹಿಡಿಗೆ ಮರ, ಕೊಂಬು ಅಥವಾ ಮೂಳೆಯ ಎರಡು ಪಟ್ಟಿ, ನಡುವೆ ರಿವೆಟ್. ಸ್ಟೇನ್‌ಲೆಸ್ ಬೇಡ, ಅದು ಇಪ್ಪತ್ತನೇ ಶತಮಾನದ್ದು. ಚರ್ಮದ ಒರೆಯಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳಿ. ಆದರೆ ಇದು ಶಿಬಿರದ ಒಳಗೆ ಮಾತ್ರ. ಸರಿಯಾದ ಕಾರಣವಿಲ್ಲದೆ ಇಂಥ ಚಾಕು ಹಿಡಿದು ಬೀದಿಯಲ್ಲಿ ಓಡಾಡುವುದು ಇಂಗ್ಲೆಂಡಿನಲ್ಲಿ ಅಪರಾಧ. ದಾರಿಯಲ್ಲಿ ಬಟ್ಟೆ ಸುತ್ತಿ ಚೀಲದ ತಳದಲ್ಲಿಡಿ.

ಬಟ್ಟಲು ಲೇತ್‌ನಲ್ಲಿ ಕಡೆದ ಮರದ್ದು. ಬೀಚ್, ಆಶ್, ಮೇಪಲ್ ಯಾವುದಾದರೂ ಸರಿ, ವಾರ್ನಿಶ್ ಇರಬಾರದು. ಪ್ಯೂಟರ್ (ತವರ ಮುಖ್ಯವಾಗಿರುವ ಮಿಶ್ರಲೋಹ) ತಟ್ಟೆ ಇಷ್ಟವಾದರೆ ಸೀಸ ಇಲ್ಲದ ಹೊಸದನ್ನೇ ಕೊಳ್ಳಿ. ಸಿರಿವಂತರ ಮೇಜಿನಲ್ಲಿ ಹಳಸಲು ಬ್ರೆಡ್ಡಿನ ದಪ್ಪ ಹೋಳೇ ತಟ್ಟೆ. ನಮ್ಮ ಬಾಳೆಎಲೆಯ ಹಾಗೆ, ಪ್ರತಿ ಊಟಕ್ಕೂ ಹೊಸದು.

ಉಣ್ಣುವುದು ನಮಗೆ ಕಲಿಸಬೇಕಿಲ್ಲ, ಅಲ್ವಾ? ಮೊದಲು ಕೈ ತೊಳೆಯಿರಿ. ಕಾಳು, ಸೊಪ್ಪು ಬೆಂದ ಗಟ್ಟಿ ಗಂಜಿಯನ್ನು ಚಮಚದಲ್ಲಿ ತೆಗೆದುಕೊಳ್ಳಿ. ಮಾಂಸವನ್ನು ಚಾಕುವಿನಲ್ಲಿ ಕೊಯ್ದು ಬೆರಳಲ್ಲಿ ಎತ್ತಿ. ಉಪ್ಪಿನ ಬಟ್ಟಲಿಗೆ ತಿನ್ನುವ ಚೂರನ್ನು ಅದ್ದಬೇಡಿ. ಚಾಕು ಒರೆಸಿ, ಅದರ ತುದಿಯಲ್ಲಿ ಸ್ವಲ್ಪ ಉಪ್ಪು ತೆಗೆದು ನಿಮ್ಮ ಬ್ರೆಡ್ಡಿನ ಅಂಚಿಗೆ ಹಾಕಿಕೊಳ್ಳಿ.