ನಾಡದೋಣಿಗೆ ಹೊಸ ಕಾನೂನು: ಏನು ಬೇಕು, ಏನು ಬೇಡ?

ಕಡಲಿಗಿಳಿಯಲು ಇನ್ನು ಕೇಂದ್ರದ ಪಾಸ್ ಬೇಕಂತೆ ಎಂಬ ಮಾತು ಕೇಳಿ ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಕಸಬದ ನಾಡದೋಣಿಯವರು ಗಾಬರಿಯಾಗಬೇಕಾಗಿಲ್ಲ. 2025ರ ನವೆಂಬರಿನಲ್ಲಿ ಬಂದ ಆ ನಿಯಮ ದಡದಿಂದ 12 ನಾಟಿಕಲ್ ಮೈಲಿಯಾಚೆ (ಸುಮಾರು 22 ಕಿಲೋಮೀಟರ್) ಮೀನು ಹಿಡಿಯುವ ಯಾಂತ್ರೀಕೃತ ಬೋಟುಗಳಿಗೆ ಮತ್ತು ದೊಡ್ಡ ಮೋಟಾರು ದೋಣಿಗಳಿಗೆ ಅನ್ವಯಿಸುತ್ತದೆ. ಸಾಂಪ್ರದಾಯಿಕ ಮೀನುಗಾರರಿಗೆ, ಸಣ್ಣ ದೋಣಿಗಳಿಗೆ ಪಾಸ್ ಬೇಡ. ಎಲ್‌ಇಡಿ ದೀಪ ಉರಿಸಿ ಮೀನು ಬಾಚುವುದನ್ನೂ ಎರಡು ಬೋಟುಗಳು ಜೋಡಿಯಾಗಿ ಬಲೆ ಎಳೆಯುವುದನ್ನೂ ಅದೇ ನಿಯಮ ನಿಷೇಧಿಸಿದೆ. ಸಣ್ಣವರು ಬಹುಕಾಲ ಕೇಳಿದ್ದು ಇದನ್ನೇ.

ಆ 12 ನಾಟಿಕಲ್ ಮೈಲಿಯೊಳಗೆ ನಡೆಯುವುದು ಕೇರಳದ ಕಾನೂನು. ಆದ್ದರಿಂದ ಮೊದಲು ದೋಣಿಯ ನೋಂದಣಿ ಮತ್ತು ಪರವಾನಗಿ ಪತ್ರಗಳನ್ನು ತೆಗೆದು ನೋಡಿ. ಅವಧಿ ಮುಗಿದಿದೆಯೇ? ತೀರಿಕೊಂಡ ತಂದೆಯ ಹೆಸರಿನಲ್ಲೇ ಉಳಿದಿದೆಯೇ? ಹಾಗಿದ್ದರೆ ಸರಿಪಡಿಸಲು ಅರ್ಜಿ ಹಾಕಿ, ಅದನ್ನು ಕನ್ನಡದಲ್ಲೇ ಬರೆಯಿರಿ. ಕನ್ನಡ ಅಲ್ಪಸಂಖ್ಯಾತರಿರುವ ಪ್ರದೇಶದ ಸರ್ಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಭಾಷಾ ಕಾನೂನೇ ಕೊಟ್ಟಿದೆ.

ಮುಂದಿನದು ಮೀನಿನ ಅಳತೆ. ಕೇರಳ 2017ರ ಹೊತ್ತಿಗೆ 58 ಜಾತಿಗಳಿಗೆ ಹಿಡಿಯಬಹುದಾದ ಕನಿಷ್ಠ ಗಾತ್ರ ಗೊತ್ತುಮಾಡಿತ್ತು. ಬೂತಾಯಿ 10 ಸೆಂಟಿಮೀಟರ್, ಬಂಗುಡೆ 14. ಬಲೆ ಎಳೆಯುವ ಗಡಿಬಿಡಿಯಲ್ಲಿ ಸ್ಕೇಲ್ ಹುಡುಕುತ್ತಾ ಕೂರಲಾಗದು. ದೋಣಿಯ ಹಲಗೆಯ ಅಂಚಿನಿಂದ ಅಳೆದು ಬಣ್ಣದಲ್ಲಿ ಎರಡು ಗೆರೆ ಎಳೆದಿಡಿ. ಮೀನಿನ ಮೂತಿಯನ್ನು ಅಂಚಿಗೆ ತಾಗಿಸಿ ಮಲಗಿಸಿದರೆ ಬಾಲದ ತುದಿ ಗೆರೆ ಮುಟ್ಟಬೇಕು. ಮೊದಲು ಸಿಕ್ಕ ಒಂದು ಹಿಡಿ ಮೀನನ್ನು ಹೀಗೆ ನೋಡಿ, ಬರೀ ಮರಿಗಳಾದರೆ ಅವು ಜೀವಂತವಿರುವಾಗಲೇ ಬಲೆ ಸಡಿಲಿಸಿಬಿಡಿ. ಸೀಮೆಎಣ್ಣೆ ಸುಟ್ಟು ಅಷ್ಟು ದೂರ ಹೋದ ಮೇಲೆ ಬಿಡಲು ಕರುಳು ಹಿಂಡುತ್ತದೆ, ನಿಜ. ಆದರೆ ಬೂತಾಯಿ ಬಾರದ ವರ್ಷಗಳನ್ನು ಈ ಕರಾವಳಿ ಕಂಡಿದೆ. ಆಗ ದೊಡ್ಡ ಬೋಟು ಇನ್ನೊಂದು ಕಡಲಿಗೆ ಹೋಗುತ್ತದೆ, ನಾಡದೋಣಿಗೆ ಹೋಗಲು ಬೇರೆ ಕಡಲಿಲ್ಲ.

ಹೆಚ್ಚು ಕಣ್ಣಿಡಬೇಕಾದದ್ದು ಏಲಂನ, ಅಂದರೆ ಮೀನು ಹರಾಜಿನ, ಮೇಲೆ. 2021ರ ಕೇರಳ ಕಾನೂನಿನಂತೆ ಏಲಂ ಕಮಿಷನ್ ಮಾರಾಟದ ಬೆಲೆಯ ಶೇಕಡಾ 5ನ್ನು ಮೀರುವಂತಿಲ್ಲ. 10,000 ರೂಪಾಯಿಯ ಮೀನಿಗೆ ಹೆಚ್ಚೆಂದರೆ 500. ಎಂಜಿನ್‌ಗೆ ಸಾಲ ಕೊಟ್ಟವರೇ ಏಲಂ ಕೂಗುವವರೂ ಆಗಿದ್ದರೆ ಕೇಳಲು ನಾಲಿಗೆ ಏಳುವುದಿಲ್ಲ. ಅದಕ್ಕೇ ಲೆಕ್ಕ ನಿಮ್ಮ ಕೈಯಲ್ಲಿರಬೇಕು. ಒಂದು ನೋಟ್‌ಬುಕ್ ಇಟ್ಟು ಆಯಾ ದಿನದ ತೂಕ, ಕೂಗಿದ ದರ, ಕಮಿಷನ್ನಾಗಿ ಹಿಡಿದುಕೊಂಡ ಹಣ ಮೂರನ್ನೂ ಬರೆಯಿರಿ. ಸಾಲದ ಕಂತಿಗೆ ಬೇರೆಯೇ ಪುಟ ಇರಲಿ, ಅದನ್ನು ಕಮಿಷನ್ನಿನೊಂದಿಗೆ ಬೆರೆಸಲು ಯಾರಿಗೂ ಬಿಡಬೇಡಿ.